ಚುನಾವಣೆ ಹೊಡೆದಾಟ: ಸಂಘಗಳ ಹೇಳಿಕೆಯಷ್ಟೇ ಸಾಲದು

ಮಾನ್ಯ ಸಂಪಾದಕರೇ,

ಪಂಚಾಯಿತಿ ಚುನಾವಣೆ ಹತ್ತಿರ ಬಂತೆಂದರೆ ಕಾರ್ಮಿಕ ಸಂಘಗಳು ‘ಶಾಂತಿ ಕಾಪಾಡಿ’ ಎಂದು ಹೇಳಿಕೆ ಕೊಟ್ಟು ಸುಮ್ಮನಾಗುತ್ತವೆ. ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆ ಇಲ್ಲ, ಜಿದ್ದು ಇರುವುದು ಪೆನಲ್‌ಗಳ, ಅಂದರೆ ಒಟ್ಟಾಗಿ ನಿಲ್ಲುವ ಅಭ್ಯರ್ಥಿಗಳ ಗುಂಪುಗಳ ನಡುವೆ. ಮುಖಂಡರನ್ನು ಕೇಳಿದರೆ ‘ಅದು ಊರ ಜಗಳ’ ಎಂದು ಜಾರಿಕೊಳ್ಳುತ್ತಾರೆ. ಆದರೆ ಮುಧೋಳ, ಜಮಖಂಡಿ ಕಡೆಯ ಸಕ್ಕರೆ ಕಾರ್ಖಾನೆಯಲ್ಲಾಗಲಿ, ರಬಕವಿ-ಬನಹಟ್ಟಿಯ ಮಗ್ಗದ ಮನೆಯಲ್ಲಾಗಲಿ, ಒಂದೇ ಪಾಳಿಯಲ್ಲಿ ಯಾರು ಯಾವ ಪೆನಲ್ ಎಂಬುದು ಪೊಲೀಸರಿಗಿಂತ ಮೊದಲು ಸಂಘಕ್ಕೆ ಗೊತ್ತಿರುತ್ತದೆ.

ನಾಮಪತ್ರ ಸಲ್ಲಿಕೆಗೆ ಮುಂಚೆಯೇ ಎಐಟಿಯುಸಿ, ಸಿಐಟಿಯು, ಐಎನ್‌ಟಿಯುಸಿ, ಬಿಎಂಎಸ್ ಈ ನಾಲ್ಕೂ ಕಾರ್ಮಿಕ ಸಂಘಟನೆಗಳು ಕೂಡಿ ಒಂದೇ ಗೇಟ್ ಮೀಟಿಂಗ್ ಮಾಡಿ, ಒಂದೇ ಹಾಳೆಗೆ ಸಹಿ ಹಾಕಲಿ. ನಾಲ್ಕು ಹೇಳಿಕೆ ಬಂದರೆ ಅದೂ ಪ್ರಚಾರವೇ. ಆ ಹಾಳೆಯಲ್ಲಿ ಇಷ್ಟಿರಲಿ: ಸಂಘದ ಮೈಕು, ಕಚೇರಿ ಯಾವ ಪೆನಲ್‌ಗೂ ಇಲ್ಲ. ಹೊಡೆದಾಟಕ್ಕೆ ಜನ ತುಂಬಿಕೊಂಡು ಹೋಗಲು ಸದಸ್ಯರ ಟ್ರ್ಯಾಕ್ಟರ್, ಟಂಟಂ ಬಾಡಿಗೆಗೆ ಸಿಗುವುದಿಲ್ಲ. ಹೊಡೆದವನು ನಮ್ಮವನೇ ಆದರೂ ಜಾಮೀನಿಗೆ ಸಂಘದ ರೊಕ್ಕ ಇಲ್ಲ. ಈ ಕೊನೆಯ ಮಾತಿಗೆ ತಕರಾರು ಬಂದೇ ಬರುತ್ತದೆ, ಬರಲಿ. ಗಾಡಿ ಕೊಡದಿರುವುದೂ ಸಣ್ಣ ಕೆಲಸವಲ್ಲ. 2008ರ ಏಪ್ರಿಲ್‌ನಲ್ಲಿ, ಜಿಂಬಾಬ್ವೆಯಲ್ಲಿ ಚುನಾವಣಾ ಹಿಂಸೆ ನಡೆದಿದ್ದಾಗ, ಆ ದೇಶಕ್ಕೆ ಶಸ್ತ್ರಾಸ್ತ್ರ ತಂದ ಚೀನಾದ ಹಡಗನ್ನು ಖಾಲಿ ಮಾಡಲು ದಕ್ಷಿಣ ಆಫ್ರಿಕಾದ ಡರ್ಬನ್ ಬಂದರಿನ ಕಾರ್ಮಿಕರು ಒಪ್ಪಲಿಲ್ಲ. ಹಡಗು ಸರಕು ಇಳಿಸದೆಯೇ ಅಲ್ಲಿಂದ ಹೊರಟಿತು.

ಬೆದರಿಕೆ ಬಂದಾಗ ತಹಶೀಲ್ದಾರರಿಗೆ ಲಿಖಿತ ಅರ್ಜಿ ಕೊಡಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 126ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಶಾಂತಿ ಕಾಪಾಡುವ ಮುಚ್ಚಳಿಕೆ ಬರೆಸಿಕೊಳ್ಳಲು ಅವಕಾಶವಿದೆ. ‘ಊರಲ್ಲಿ ವಾತಾವರಣ ಸರಿಯಿಲ್ಲ’ ಎಂದಷ್ಟೇ ಬರೆದ ಅರ್ಜಿ ಮುಂದೆ ಹೋಗುವುದಿಲ್ಲ. ಯಾರು, ಎಲ್ಲಿ, ಯಾವ ದಿನ, ಏನೆಂದು ಬೆದರಿಸಿದರು ಎಂಬುದಿರಲಿ. ಇನ್ನೊಂದು ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಚುನಾವಣಾ ಅಕ್ರಮದ ದೂರು ಕೊಡುವ ಸಿ-ವಿಜಿಲ್ ಆ್ಯಪ್ ಕೇಂದ್ರ ಚುನಾವಣಾ ಆಯೋಗದ್ದು. ಪಂಚಾಯಿತಿ ಚುನಾವಣೆ ನಡೆಸುವುದು ರಾಜ್ಯ ಆಯೋಗ, ಹಾಗಾಗಿ ಅದನ್ನು ನಂಬಿ ಕೂರದೆ 112ಕ್ಕೆ ಕರೆ ಮಾಡಿ.

ಪೆಟ್ಟಾದ ಮೇಲೆ ಕೇಸು ಕೆಡುವುದು ಬಹುತೇಕ ಆಸ್ಪತ್ರೆಯಲ್ಲೇ. ಹೆದರಿ ‘ಬಿದ್ದು ಪೆಟ್ಟಾಯಿತು’ ಎಂದು ಬರೆಸಿದರೆ ಆಮೇಲೆ ಏನು ಹೇಳಿದರೂ ನಿಲ್ಲುವುದು ಕಷ್ಟ. ಅದೇ ದಿನ ಸರ್ಕಾರಿ ಆಸ್ಪತ್ರೆಯಲ್ಲಿ ಎಂಎಲ್‌ಸಿ (ಪೊಲೀಸ್ ಕೇಸಿಗೆ ಬೇಕಾದ ಗಾಯದ ವೈದ್ಯಕೀಯ ದಾಖಲೆ) ಮಾಡಿಸಿ, ಎಫ್‌ಐಆರ್ ಪ್ರತಿ ಕೇಳಿ ಪಡೆಯಿರಿ, ಅದು ಉಚಿತ. ವಿಡಿಯೊ ಇದ್ದರೆ ವಾಟ್ಸ್‌ಆ್ಯಪ್‌ನಲ್ಲಿ ಹರಿಬಿಡುವ ಬದಲು, ಚಿತ್ರೀಕರಿಸಿದ ಮೊಬೈಲ್‌ನಲ್ಲಿ ಅಳಿಸದೆ ಇಟ್ಟುಕೊಳ್ಳಿ.

ಇಂಥ ಪೆಟ್ಟು ಕೆಲಸದ ಗಾಯ ಅಲ್ಲ. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇದ್ದವರಿಗೆ, ಕೆಲಸದ ಗಾಯಕ್ಕೆ ಸಿಗುವ 90% ಬದಲು ಅನಾರೋಗ್ಯ ಭತ್ಯೆಯಾಗಿ ಕೂಲಿಯ 70% ಸಿಗುತ್ತದೆ, ಅದೂ ವರ್ಷಕ್ಕೆ 91 ದಿನ ಮಾತ್ರ. ಕಬ್ಬು ಕಡಿಯುವ ಗ್ಯಾಂಗಿನವರಿಗೆ ಅದೂ ಇಲ್ಲ, ಗ್ಯಾಂಗ್ ಕಟ್ಟುವ ಮುಕಾದಮನಿಂದ ಪಡೆದ ಅಡ್ವಾನ್ಸ್ ಹಾಗೇ ತಲೆ ಮೇಲೆ ಇರುತ್ತದೆ. ಜಾಮೀನಿಗೆ ಕೊಡದೆ ಉಳಿದ ಸಂಘದ ರೊಕ್ಕ, ಯಾವ ಪೆನಲ್ ಎಂದು ಕೇಳದೆ ಮೊದಲು ಇವರಿಗೆ ಹೋಗಲಿ.

— ಕಾರ್ಮಿಕ ಸಂಘಟನೆಗಳ ಕಾರ್ಯಕರ್ತರು, ಜಮಖಂಡಿ, ಬಾಗಲಕೋಟೆ ಜಿಲ್ಲೆ