ಶ್ರೀಪಾದನಿಗೆ, ಪ್ರಸಾರವಾಗದ ಸುದ್ದಿಯ ಬಗ್ಗೆ

ಪ್ರೀತಿಯ ಶ್ರೀಪಾದ,

2025ರಲ್ಲಿ ನೀನು ಬ್ರಿಟನ್ನಿನಲ್ಲಿ, ಬಿಬಿಸಿಗೆ ಹೋಗುವ ಟೀವಿ ಲೈಸೆನ್ಸ್ ಶುಲ್ಕ ಅಂತ 174.50 ಪೌಂಡ್ ಕಟ್ಟಿದೆಯಲ್ಲ, ಆ ದುಡ್ಡಿನ ಬಗ್ಗೆ ನಿನ್ನ ಹತ್ತಿರ ಜಗಳ ಆಡಬೇಕಿದೆ. ನಾಲ್ಕು ಜನ ಓದುವ ಕಡೆಯೇ ಆಡೋಣ.

ಗಾಜಾ ಯುದ್ಧದ ಬಗ್ಗೆ ಬಿಬಿಸಿ ಮಾಡಿಸಿದ ಎರಡು ಸಾಕ್ಷ್ಯಚಿತ್ರಗಳ ಕಥೆ ನನ್ನ ತಲೆಯಿಂದ ಹೋಗುತ್ತಿಲ್ಲ. ಮೊದಲನೆಯದು ಆ ಫೆಬ್ರುವರಿಯಲ್ಲಿ ಬಂತು. ಅದರಲ್ಲಿ ಕಥೆ ಹೇಳುವವನು 13 ವರ್ಷದ ಹುಡುಗ. ಅವನ ಅಪ್ಪ ಹಮಾಸ್ ಸರ್ಕಾರದಲ್ಲಿ ಕೃಷಿ ಇಲಾಖೆಯ ಉಪಸಚಿವ. ಅದನ್ನು ನೋಡುವವರಿಗೆ ತಿಳಿಸಿರಲಿಲ್ಲ. ತಿಳಿಸಲೇಬೇಕಿತ್ತು. ಗಲಾಟೆಯಾಯಿತು, ಚಿತ್ರವನ್ನು ತೆಗೆದರು. ಪ್ರಸಾರದ ಮೇಲೆ ಕಣ್ಣಿಡುವ ಆಫ್‌ಕಾಮ್ ಕೂಡ ನೋಡುಗರಿಗೆ ದಾರಿ ತಪ್ಪಿಸಿದಂತಾಯಿತು ಎಂದಿತು. ಇಲ್ಲಿವರೆಗೆ ನನ್ನ ತಕರಾರಿಲ್ಲ.

ಎರಡನೆಯದು ಗಾಜಾದ ವೈದ್ಯರ ಬಗ್ಗೆ. ಆಸ್ಪತ್ರೆಗಳ ಮೇಲಿನ ದಾಳಿ, ವೈದ್ಯರ ಬಂಧನ, ಅವರು ಅನುಭವಿಸಿದ್ದು. ಮೊದಲ ಚಿತ್ರದ ವಿಚಾರಣೆ ಮುಗಿಯಲಿ ಅಂತ ಇದನ್ನು ತಡೆದಿಟ್ಟರು. ಜೂನ್‌ನಲ್ಲಿ ಪೂರ್ತಿ ಕೈಬಿಟ್ಟರು. ಕೊಟ್ಟ ಕಾರಣವೇನು ಗೊತ್ತಾ? ಪ್ರಸಾರ ಮಾಡಿದರೆ ಬಿಬಿಸಿ ಒಂದು ಕಡೆ ವಾಲಿದೆ ಅನ್ನೋ ಭಾವನೆ ಬರಬಹುದು ಅಂತ. ಇಂಥ ಮಾತು ಸುಳ್ಳು, ಇಂಥ ಸಾಕ್ಷಿ ನಂಬಲಾಗದು ಅಂತಲ್ಲ. ಜುಲೈ 2ರಂದು ಅಲ್ಲಿನದೇ ಇನ್ನೊಂದು ವಾಹಿನಿ ಚಾನೆಲ್ 4 ಅದನ್ನು ತೋರಿಸಿತು.

ಬಿಬಿಸಿ ಇಸ್ರೇಲ್ ಪರ ಅಂತ ಅದರದ್ದೇ ನೂರಕ್ಕೂ ಹೆಚ್ಚು ಸಿಬ್ಬಂದಿ ಪತ್ರ ಬರೆದರು. ಹಮಾಸ್ ಪರ ಅಂತ ಬೈಯುವವರೂ ಅಷ್ಟೇ ಜೋರಾಗಿ ಬೈಯುತ್ತಾರೆ. ಇಬ್ಬರೂ ಬೈದರೆ ಸರಿಯಾಗೇ ಇದ್ದೀವಿ ಅಂತ ಅರ್ಥ ಅನ್ನುತ್ತೀಯ ನೀನು. ನಾನು ಒಪ್ಪಲ್ಲ ಮಾರಾಯ. ಒಬ್ಬ ವೈದ್ಯ ಹೇಳಿದ್ದು ನಿಜವೋ ಅಲ್ಲವೋ ಅನ್ನೋದು ಬೈಯುವವರ ತಲೆ ಎಣಿಸಿದರೆ ಗೊತ್ತಾಗುತ್ತಾ? ಹೊರಗಿನ ಪತ್ರಕರ್ತರು ಸ್ವತಂತ್ರವಾಗಿ ಗಾಜಾದೊಳಗೆ ಹೋಗೋದಕ್ಕೆ ಇಸ್ರೇಲ್ ಬಿಟ್ಟಿಲ್ಲ. ಇರುವುದೇ ಅಲ್ಲಿನವರ ಸಾಕ್ಷಿ. ಅದನ್ನೂ ಬೀರುವಿನಲ್ಲಿಟ್ಟರೆ ಏನುಳಿಯುತ್ತೆ? ತೋರಿಸಿದ್ದರಲ್ಲಿ ತಪ್ಪಿದ್ದರೆ ಯಾರಾದರೂ ಹಿಡಿಯುತ್ತಾರೆ, ಮೊದಲ ಚಿತ್ರದಲ್ಲಿ ಹಿಡಿದರಲ್ಲ. ತೋರಿಸದೇ ಇದ್ದದ್ದನ್ನು ಹಿಡಿಯೋದು ಹೇಗೆ?

1956ರ ಸೂಯೆಜ್ ಯುದ್ಧದಲ್ಲಿ ಬ್ರಿಟನ್ ಪ್ರಧಾನಿ ಈಡನ್‌ಗೆ ಎಷ್ಟೇ ಸಿಟ್ಟು ಬಂದರೂ ವಿರೋಧ ಪಕ್ಷದ ಗೇಟ್ಸ್ಕೆಲ್‌ಗೆ ಇದೇ ಬಿಬಿಸಿ ಮಾತಾಡಲು ಸಮಯ ಕೊಟ್ಟಿತ್ತು. 1984ರಲ್ಲಿ ಇಂದಿರಾ ಗಾಂಧಿ ತೀರಿಕೊಂಡ ಸುದ್ದಿಯನ್ನು ಆಕಾಶವಾಣಿ ಹೇಳಿದ್ದು ಸಂಜೆ, ಬಿಬಿಸಿ ಅದಕ್ಕಿಂತ ಎಷ್ಟೋ ಮೊದಲು. ಅವತ್ತಿನಿಂದ ನಮ್ಮಪ್ಪ ಯಾವ ಸುದ್ದಿಯನ್ನೂ ಆ ರೇಡಿಯೊ ಹೇಳದ ಹೊರತು ನಂಬುತ್ತಿರಲಿಲ್ಲ.

ನನಗೆ ಇಷ್ಟು ಸಂಕಟ ಯಾಕೆ ಅಂದರೆ, 2025ರ ಮೇ 8ರ ರಾತ್ರಿ, ಭಾರತ-ಪಾಕಿಸ್ತಾನ ಕಾದಾಟದ ಹೊತ್ತು. ತಮ್ಮ ಆಗ ಜಮ್ಮುವಿನಲ್ಲಿದ್ದ. ಊರಿಗೆ ಊರೇ ಕತ್ತಲು, ಅವನ ಫೋನ್ ಇಲ್ಲ. ನಮ್ಮ ಟೀವಿಗಳಲ್ಲಿ ಕರಾಚಿ ಬಂದರು ಉಡಾಯಿಸಿದ್ದೇವೆ ಅಂತ ಕೂಗಾಟ. ಅದು ನಡೆದೇ ಇರಲಿಲ್ಲ. ನಾನು ಅಮ್ಮನಿಗೆ ಎಲ್ಲ ಸರಿ ಇದೆ ಅಂತ ಹೇಳಿ, ಹಿತ್ತಲಿಗೆ ಹೋಗಿ ಬಿಬಿಸಿ ಹುಡುಕುತ್ತಾ ಅತ್ತೆ. ಹೆಂಡತಿಗೂ ಹೇಳಿಲ್ಲ ಇದನ್ನು. ಹೆದರಿದವನಿಗೆ ಸಮಾಧಾನದ ಸುದ್ದಿ ಬೇಡ ಕಣೋ, ನಿಜ ಬೇಕು. ಗಾಜಾದಲ್ಲಿ ತಮ್ಮನನ್ನು ಬಿಟ್ಟು ಲಂಡನ್ನಿನಲ್ಲಿ ಕೂತವನಿಗೂ ಅದೇ ಬೇಕು.

ಇಷ್ಟೆಲ್ಲ ಬರೆಯೋ ಯೋಚನೆ ಇರಲಿಲ್ಲ. ಬಿಡು, ತಮ್ಮ ಚೆನ್ನಾಗಿದ್ದಾನೆ, ರಜೆಗೆ ಬಂದು ಹಲಸಿನ ಹಪ್ಪಳ ಪೂರ್ತಿ ಖಾಲಿ ಮಾಡಿ ಹೋದ. ನೀನು ಬಿಬಿಸಿಗೆ ಒಂದು ದೂರು ಬರೆ, ದುಡ್ಡು ಕೊಡುವವನು ನೀನು.

ನಿನ್ನ,
ರಾಘು, ಸಾಗರ