ಅರಕೇರಿಯಾ ನೆಡುವ ಮುನ್ನ ಜಾಗ ಅಳೆಯಿರಿ

ಮಾನ್ಯ ಸಂಪಾದಕರೇ,

ಮುಂಗಾರು ಹತ್ತಿರವಾದಂತೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ನರ್ಸರಿಗಳಲ್ಲಿ ಅಡಿಕೆ, ಕಾಳುಮೆಣಸಿನ ಸಸಿಗಳ ಜೊತೆ ಅಲಂಕಾರದ ಗಿಡಗಳ ವ್ಯಾಪಾರವೂ ಬಿರುಸಾಗುತ್ತದೆ. ಅಂತಸ್ತು ಅಂತಸ್ತಾಗಿ ಕೊಂಬೆ ಬಿಡುವ ಅರಕೇರಿಯಾ ಎಂದರೆ ಹೊಸ ಮನೆ ಕಟ್ಟಿಸಿದವರಿಗೆ ವಿಶೇಷ ಆಸೆ. ಒಂದು ಕಡೆ ‘ಕ್ರಿಸ್‌ಮಸ್ ಟ್ರೀ’, ಇನ್ನೊಂದು ಕಡೆ ‘ಮಂಕಿ ಪಝಲ್’ ಎಂದು ಹೇಳಿ ಕೊಡುವ ಎರಡಡಿಯ ಸಸಿ ಗೇಟಿನ ಕಂಬದ ಪಕ್ಕ, ಕಾಂಪೌಂಡಿನಿಂದ ಮೂರೇ ಅಡಿಗೆ, ಕೆಲವೊಮ್ಮೆ ವಿದ್ಯುತ್ ತಂತಿಯ ನೇರ ಕೆಳಗೆ ಹೋಗಿ ಕೂರುತ್ತದೆ. ಈ ಕುಲದ ಮರಗಳು ತವರಿನಲ್ಲಿ 50 ಮೀಟರ್‌ವರೆಗೂ ಏರುತ್ತವೆ. ನೆಡುವ ದಿನ ಜಾಗವೂ ನೀರಿನ ಬಸಿತವೂ ತಪ್ಪಿದರೆ ಆಮೇಲೆ ಕತ್ತಿ ಹಿಡಿದು ಸರಿಮಾಡುವ ಮರ ಇದಲ್ಲ.

ಮೊದಲು ತರುತ್ತಿರುವುದು ಯಾವ ಗಿಡ ಎಂದು ನೋಡಬೇಕು. ನಿಜವಾದ ಮಂಕಿ ಪಝಲ್ ಎಂದರೆ ಚಿಲಿ ಮತ್ತು ಅರ್ಜೆಂಟೀನಾದ ಆಂಡಿಸ್ ಪರ್ವತಗಳ ಅರಕೇರಿಯಾ ಅರಕಾನಾ. ಅದರ ಎಲೆ ತ್ರಿಕೋನಾಕಾರದ್ದು, ದಪ್ಪ, 3–4 ಸೆಂ.ಮೀ. ಉದ್ದ, ಬುಡದಲ್ಲಿ ಬೆರಳಗಲ; ತುದಿ ಚುಚ್ಚುತ್ತದೆ. ತೊಟ್ಟಿಲ್ಲದ ಈ ಎಲೆಗಳು ಕೊಂಬೆಯ ಸುತ್ತಲೂ ಒತ್ತಾಗಿ ಕೂತಿರುತ್ತವೆ. ಇದೇ ಕುಲದ, ಆಸ್ಟ್ರೇಲಿಯಾದ ಬುನ್ಯಾ ಪೈನ್ ಕೂಡ ಮುಳ್ಳೆಲೆಯದೇ. ಆದರೆ ಅದರ ಎಲೆ ತೆಳು, ಹೊಳಪು, ಪಕ್ಕದ ರೆಂಬೆಗಳಲ್ಲಿ ಎರಡು ಸಾಲಾಗಿ ಹರಡಿರುತ್ತದೆ. ಕೈಯಾಡಿಸಿದರೆ ಚುಚ್ಚದ, ಸೂಜಿಯಂಥ ಪುಟ್ಟ ಮೆತ್ತನೆಯ ಎಲೆಗಳಿದ್ದರೆ ಅದು ನಾರ್ಫೋಕ್ ಪೈನ್ ಅಥವಾ ಕುಕ್ ಪೈನ್. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು ಈ ಎರಡೇ. ಎಳೆಯದರಲ್ಲಿ ಇವೆರಡನ್ನೂ ಬೇರೆ ಮಾಡುವುದು ಪಳಗಿದವರಿಗೂ ಕಷ್ಟ.

ಚಿಲಿಯ ಮರವನ್ನೇ ಬೆಳೆಸಬೇಕೆಂದು ಹಟ ಹಿಡಿಯುವವರಿಗೆ ಒಂದು ಮಾತು. ಅದು ಹಿಮ ಬೀಳುವ, ನೀರು ಸರಾಗವಾಗಿ ಇಳಿಯುವ ಜ್ವಾಲಾಮುಖಿ ಮಣ್ಣಿನ ಮರ. ನಮ್ಮ ಆಷಾಢ, ಶ್ರಾವಣದಲ್ಲಿ ನೆಲ ಬೆಚ್ಚಗೂ ಇರುತ್ತದೆ, ನೆನೆದೂ ಇರುತ್ತದೆ. ಅದರ ಬೇರಿಗೆ ಅಷ್ಟು ಸಾಕು ಕೊಳೆಯಲು. ಅಳಿವಿನಂಚಿನಲ್ಲಿರುವ ಈ ಮರ ಸೈಟಿಸ್ ಒಪ್ಪಂದದ ಮೊದಲನೇ ಪಟ್ಟಿಯಲ್ಲಿದೆ, ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಟ್ಟುನಿಟ್ಟಿನ ನಿರ್ಬಂಧವಿದೆ. ಬೀಜ ತಾಜಾ ಇದ್ದರಷ್ಟೇ ಮೊಳೆಯುತ್ತದೆ. ಆನ್‌ಲೈನ್‌ನಲ್ಲಿ ಪೊಟ್ಟಣದಲ್ಲಿ ಬರುವ ಒಣಬೀಜಕ್ಕೆ ದುಡ್ಡು ಹಾಕಬೇಡಿ. ಇನ್ನು ಮಂಗನ ಕಾಟ ತಪ್ಪೀತೆಂದು ಮುಳ್ಳೆಲೆಯ ಬುನ್ಯಾ ತರುವವರಿದ್ದಾರೆ. ಪಕ್ಕದ ಹಲಸಿನ ಮರದಿಂದ ಹಂಚಿನ ಮೇಲೆ ಹಾರುವ ಮಂಗವನ್ನು ಯಾವ ಮುಳ್ಳೆಲೆಯೂ ತಡೆಯದು. ಬದಲಿಗೆ ಬಲಿತ ಬುನ್ಯಾದ ಕಾಯಿ 10 ಕೆ.ಜಿ.ವರೆಗೂ ತೂಗುತ್ತದೆ, ಇಡಿಯಾಗಿ ಕಳಚಿ ಬೀಳುತ್ತದೆ. ಮಕ್ಕಳು ಓಡಾಡುವ ಅಂಗಳಕ್ಕೆ ಅದು ಬೇಡವೇ ಬೇಡ.

ಕುಕ್ ಪೈನ್‌ಗೆ ಮತ್ತೊಂದು ಗುಣ: ಅದು ವಾಲುತ್ತದೆ. ನಾನಾ ದೇಶಗಳಲ್ಲಿ ಅಳೆದು ನೋಡಿ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಈ ಮರಗಳು ಸರಾಸರಿ ಎಂಟೂವರೆ ಡಿಗ್ರಿಯಷ್ಟು ಸಮಭಾಜಕದ ಕಡೆಗೆ, ಅಂದರೆ ನಮ್ಮಲ್ಲಿ ದಕ್ಷಿಣಕ್ಕೆ, ಓರೆಯಾಗುತ್ತವೆ. ಸಮಭಾಜಕದಿಂದ ದೂರ ಹೋದಷ್ಟೂ ವಾಲು ಹೆಚ್ಚು; ಶಿವಮೊಗ್ಗ ಇರುವುದು ಸುಮಾರು 14 ಡಿಗ್ರಿಯಲ್ಲಾದ್ದರಿಂದ ಇಲ್ಲಿ ಅಷ್ಟಿರಲಾರದು. ಆದರೂ ಮರ ಮನೆಯ ದಕ್ಷಿಣಕ್ಕಿದ್ದರೆ ಒಳ್ಳೆಯದು, ವಾಲಿದರೂ ಮನೆಯಿಂದ ಆಚೆಗೆ ವಾಲುತ್ತದೆ. ಓರೆಯಾಯಿತೆಂದು ಹಗ್ಗ ಕಟ್ಟಿ ಜಗ್ಗಬಾರದು. ಜಗ್ಗಿದ ಕಡೆಯ ಎದುರು ಬದಿಯ ಬೇರು ಹರಿದು, ಆವರೆಗೆ ಗಟ್ಟಿಯಾಗಿದ್ದ ಮರ ಗಾಳಿಗೆ ಸಡಿಲಾಗುತ್ತದೆ.

ಗೋಡೆ, ತಂತಿ, ಬಾವಿಕಟ್ಟೆ, ಸೆಪ್ಟಿಕ್ ಟ್ಯಾಂಕಿನಿಂದ ಕನಿಷ್ಠ 30 ಅಡಿ ದೂರ ಇರಲಿ. ಅಷ್ಟು ಜಾಗವಿಲ್ಲದವರು ನೆಲಕ್ಕೆ ಇಳಿಸಲೇಬಾರದು. ಹತ್ತಿರವಿದ್ದರೆ ಒಣಗಿ ಉದುರುವ ಸೂಜಿರೆಂಬೆಗಳು ಮಾಡಿನ ದಂಬೆಯಲ್ಲಿ ತುಂಬಿಕೊಂಡು ಮಳೆನೀರು ಗೋಡೆಗೆ ಇಳಿಯುತ್ತದೆ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯಲ್ಲಿ ಮನೆಗಿಂತ ಎತ್ತರದ ಒಂಟಿ ಮರ ಸಿಡಿಲಿಗೂ ಸಿಕ್ಕೀತು.

ಮಲೆನಾಡಿನಲ್ಲಿ ಹೆಚ್ಚು ಗಿಡಗಳನ್ನು ಕೊಲ್ಲುವುದು ಗುಂಡಿ. ಜಂಬಿಟ್ಟಿಗೆಯ ಪದರ ಕಡಿದು ತೋಡಿದ ಮೂರಡಿಯ ಗುಂಡಿ ಮಳೆಗಾಲಕ್ಕೆ ಬಾವಿಯಾಗುತ್ತದೆ. ಒಳಗೆ ಎಷ್ಟು ಗೊಬ್ಬರ ತುಂಬಿದರೂ ಬೇರು ನಿಂತಿರುವುದು ನೀರಲ್ಲೇ. ಒಂದಡಿ ಗುಂಡಿ ತೋಡಿ ಎರಡು ಕೊಡ ನೀರು ಸುರಿಯಿರಿ. ಮಾರನೆಯ ಬೆಳಿಗ್ಗೆಯೂ ತಳದಲ್ಲಿ ನೀರಿದ್ದರೆ ಅಲ್ಲಿ ಗುಂಡಿ ಬೇಡ, ದಿಬ್ಬ ಮಾಡಿ: ಒಂದೂವರೆ ಅಡಿ ಎತ್ತರ, ಐದಡಿ ಅಗಲ. ಎರಡು ಪಾಲು ಮೇಲ್ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ. ಹಸಿ ಸಗಣಿ ಸೇರಿಸಬಾರದು. ಇಳಿಜಾರಿನ ಮೇಲ್ಬದಿಯಲ್ಲಿ ತೋಟಕ್ಕೆ ಮಾಡುವಂತೆ ಬಸಿಗಾಲುವೆ ತೆಗೆಯಿರಿ. ನಮ್ಮ ಮಣ್ಣಿನ ಹುಳಿ ಈ ಗಿಡಕ್ಕೆ ಒಗ್ಗುತ್ತದೆ, ಸುಣ್ಣ ಸುರಿಯುವ ಅಗತ್ಯವಿಲ್ಲ. ಪುನರ್ವಸು, ಪುಷ್ಯ ಮಳೆಯ ಅಬ್ಬರದಲ್ಲಿ ನೆಡುವುದಕ್ಕಿಂತ ಉತ್ತರೆ, ಹಸ್ತದ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ಮಧ್ಯದ ನಂತರ ನೆಟ್ಟರೆ ನೆಲದಲ್ಲಿ ಪಸೆ ಇರುತ್ತದೆ, ನೀರು ನಿಲ್ಲುವುದಿಲ್ಲ. ಪ್ಲಾಸ್ಟಿಕ್ ಚೀಲದೊಳಗೆ ಸುತ್ತಿಕೊಂಡ ಬೇರನ್ನು ಮೂರು ಕಡೆ ಮೇಲಿಂದ ಕೆಳಕ್ಕೆ ಸೀಳಿ ಬಿಡಿಸಿ. ಕಾಂಡದ ಬುಡ ಮಣ್ಣಿನ ಮಟ್ಟದಿಂದ ಎರಡು ಬೆರಳು ಮೇಲೇ ಇರಬೇಕು. ಮೊದಲ ಎರಡು ಬೇಸಿಗೆ ವಾರಕ್ಕೊಮ್ಮೆ ಎರಡು ಕೊಡ ನೀರು, ಮೇಲೆ ದರಗಿನ ಹೊದಿಕೆ. ದರಗು ಕಾಂಡಕ್ಕೆ ತಾಗಿದರೆ ಒರಲೆ ಹಿಡಿಯುತ್ತದೆ, ಒಂದು ಗೇಣು ಬಿಟ್ಟು ಹರಡಿ.

ಕೆಳಗಿನ ಒಂದೆರಡು ಕೊಂಬೆ ನೆರಳಿಗೋ ಬೇಸಿಗೆಗೋ ಕಂದಿದರೆ ಗಾಬರಿ ಬೇಡ. ಮಳೆಗಾಲದಲ್ಲಿ ಇಡೀ ಗಿಡ ಬಣ್ಣಗೆಟ್ಟು ಜೋಲತೊಡಗಿದರೆ ಮಾತ್ರ ಬುಡದ ತೊಗಟೆಯನ್ನು ಉಗುರಿನಷ್ಟು ಕೆರೆದು ನೋಡಿ. ಒಳಗೆ ಕೆನೆಬಣ್ಣದ ಬದಲು ಕಂದು ಕಂಡರೆ ಬೇರುಕೊಳೆ. ಅಡಿಕೆಗೆ ಕೊಳೆರೋಗ ತರುವ ಫೈಟಾಫ್ತೊರಾ ಕುಲದ್ದೇ ಇನ್ನೊಂದು ಜಾತಿ ಇದನ್ನು ತರುತ್ತದೆ. ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಬೆರೆಸಿ ಬುಡಕ್ಕೆ ಸುರಿದರೆ ಹರಡುವುದು ತಗ್ಗಬಹುದು. ಸತ್ತ ಬೇರು ಬದುಕುವುದಿಲ್ಲ. ನೀರು ಬಸಿಯುವಂತೆ ಮಾಡದೆ ಔಷಧಿ ಸುರಿಯುತ್ತಾ ಹೋದರೆ ಖರ್ಚಷ್ಟೇ ಉಳಿಯುತ್ತದೆ.

ಇನ್ನು ತುದಿ ಕಡಿಯುವ ಚಾಳಿ. ತಂತಿಗೆ ತಾಗಿತೆಂದು ನೆತ್ತಿ ಹಾರಿಸಿದರೆ ಕೆಳಗಿಂದ ಎರಡೋ ಮೂರೋ ಹೊಸ ನೆತ್ತಿಗಳು ಎದ್ದು ಅದೇ ಎತ್ತರಕ್ಕೆ ಹೊರಡುತ್ತವೆ. ಅವುಗಳ ಸಂದು ದುರ್ಬಲ, ಮಳೆಗಾಲದ ಗಾಳಿಗೆ ಅಲ್ಲೇ ಸೀಳುತ್ತದೆ. ಕಡಿದ ಪಕ್ಕದ ಕೊಂಬೆಯ ಜಾಗದಲ್ಲಿ ಇನ್ನೊಂದು ಬರುವುದಿಲ್ಲ, ಆ ಅಂತಸ್ತು ಶಾಶ್ವತವಾಗಿ ಖಾಲಿ. ಸಸಿಯಲ್ಲೇ ಎರಡು ನೆತ್ತಿ ಕಂಡರೆ ನೆಟ್ಟಗಿರುವುದನ್ನು ಉಳಿಸಿ, ಇನ್ನೊಂದು ಬೆರಳು ದಪ್ಪವಾಗುವ ಮುಂಚೆ ಒಣಹವೆಯಲ್ಲಿ ತೆಗೆಯಿರಿ. ಪಕ್ಕದ ಕೊಂಬೆಯಿಂದ ಮಾಡಿದ ಕಟಿಂಗ್ ಬೇರು ಬಿಟ್ಟರೂ ನೆಟ್ಟಗೆ ಬೆಳೆಯದೆ ಅಡ್ಡಡ್ಡವೇ ಹರಡುತ್ತದೆ. ಕೊಳ್ಳುವಾಗ ನಟ್ಟನಡುವೆ ನೇರ ಕಾಂಡ, ಸುತ್ತಲೂ ಕೊಂಬೆ ಇದೆಯೇ ನೋಡಿ. ಪೊದೆಯಾಗಿ ಕಾಣಲೆಂದು ಒಂದೇ ಕುಂಡದಲ್ಲಿ ಮೂರ್ನಾಲ್ಕು ಸಸಿ ತುರುಕಿದ್ದರೆ ಒಂದನ್ನು ಬಿಟ್ಟು ಉಳಿದವನ್ನು ಬುಡಕ್ಕೆ ಕತ್ತರಿಸಿ. ಕಿತ್ತರೆ ಉಳಿಯಬೇಕಾದ್ದರ ಬೇರೂ ಹೋಗುತ್ತದೆ.

ಚಿಕ್ಕ ಸೈಟಿನವರು ನಾರ್ಫೋಕ್ ಪೈನನ್ನು ಕುಂಡದಲ್ಲೇ ಹಲವು ವರ್ಷ ಚಂದವಾಗಿ ಇಟ್ಟುಕೊಳ್ಳಬಹುದು. 12 ಇಂಚಿನ ಕುಂಡದಿಂದ ಶುರುಮಾಡಿ, ಎರಡು ಮೂರು ವರ್ಷಕ್ಕೊಮ್ಮೆ ಒಂದು ಅಳತೆ ದೊಡ್ಡದಕ್ಕೆ ಬದಲಿಸಿ. ಜಗುಲಿಯ ಒಂದೇ ಬದಿಯ ಬೆಳಕಿಗೆ ಗಿಡ ಬಾಗುವುದರಿಂದ ವಾರಕ್ಕೊಮ್ಮೆ ಕಾಲು ಸುತ್ತು ತಿರುಗಿಸಿ. ಈಗಾಗಲೇ ಗೋಡೆಯ ಪಕ್ಕ ನೆಟ್ಟಿದ್ದು ನಾಲ್ಕಡಿಯೊಳಗಿದ್ದರೆ ಈ ಸೆಪ್ಟೆಂಬರ್‌ನಲ್ಲಿ ಎರಡಡಿ ಅಗಲದ ಮಣ್ಣಿನ ಹೆಂಟೆಯ ಸಮೇತ ಎತ್ತಿ ಬೇರೆಡೆ ನೆಡಬಹುದು. ಅದಕ್ಕಿಂತ ದೊಡ್ಡದು ಸಾಮಾನ್ಯವಾಗಿ ಬದುಕುವುದಿಲ್ಲ.

ನರ್ಸರಿಯವರಲ್ಲಿ, ತೋಟಗಾರಿಕೆ ಇಲಾಖೆಯಲ್ಲಿ ಮತ್ತು ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದಲ್ಲಿ ವಿನಂತಿ: ಈ ಮಳೆಗಾಲದ ಮಾರಾಟಕ್ಕೆ ಮುಂಚೆ ಪ್ರತಿ ಅರಕೇರಿಯಾ ಸಸಿಗೂ ಜಾತಿಯ ಹೆಸರು, ಬೆಳೆಯುವ ಎತ್ತರ, ಮನೆಯಿಂದ ಬಿಡಬೇಕಾದ ದೂರ ಬರೆದ ಒಂದು ಚೀಟಿ ಕಟ್ಟಿಸಿ.

– ಸಸ್ಯಾಸಕ್ತರು, ತೀರ್ಥಹಳ್ಳಿ