ಸಹಿ ಹಾಕಿದ್ದು ಸಾಲಕ್ಕೆ, ಸಿಕ್ಕಿದ್ದು ವಿಮೆ

ಮಾನ್ಯರೇ,

ಕಳೆದ ವರ್ಷ ಮಗ್ಗಕ್ಕೆಂದು ಇಳಕಲ್ಲಿನ ಬ್ಯಾಂಕೊಂದರಲ್ಲಿ ಮೂರು ಲಕ್ಷ ರೂಪಾಯಿ ಸಾಲ ಪಡೆದೆ. ಪೆನ್ಸಿಲ್‌ನಿಂದ ಗುರುತು ಹಾಕಿದಲ್ಲೆಲ್ಲ ಸಹಿ ಮಾಡಿದೆ. ಖಾತೆಗೆ ಬಂದದ್ದು 2,79,000 ರೂಪಾಯಿ. ಉಳಿದದ್ದು ಎಲ್ಲಿ ಎಂದರೆ, ‘ವಿಮೆಗೆ ನೀವೇ ಸಹಿ ಹಾಕಿದ್ದೀರಲ್ಲ’ ಎಂಬ ಉತ್ತರ! ಆ ಪಾಲಿಸಿ ಹೋಗಿದ್ದು ಪುಣೆಯಲ್ಲಿರುವ ಮಗನ ಇಮೇಲ್‌ಗೆ, ಅದೂ ಇಂಗ್ಲಿಷಿನಲ್ಲಿ. ನನ್ನ ಕಣ್ಣಿಗೆ ಬೀಳುವಷ್ಟರಲ್ಲಿ ಅದನ್ನು ಹಿಂತಿರುಗಿಸುವ 30 ದಿನಗಳ ಗಡುವು ಮುಗಿದಿತ್ತು.

2024ರ ಅಕ್ಟೋಬರ್ 1ರಿಂದ ವ್ಯಕ್ತಿಗಳು ಪಡೆಯುವ ಹೊಸ ಚಿಲ್ಲರೆ ಸಾಲಗಳಿಗೂ ಸಣ್ಣ ಉದ್ದಿಮೆಗಳ ಅವಧಿ ಸಾಲಗಳಿಗೂ (ನಿಗದಿತ ಅವಧಿಯಲ್ಲಿ ತೀರಿಸುವ ಸಾಲ) ಬಡ್ಡಿ, ಶುಲ್ಕ, ವಿಮೆ ಎಲ್ಲವನ್ನೂ ಸೇರಿಸಿದ ವಾರ್ಷಿಕ ವೆಚ್ಚದ ವಿವರಪತ್ರವನ್ನು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಅದರಲ್ಲಿಲ್ಲದ ಶುಲ್ಕವನ್ನು ಸಾಲಗಾರನ ಸ್ಪಷ್ಟ ಒಪ್ಪಿಗೆಯಿಲ್ಲದೆ ವಸೂಲು ಮಾಡುವಂತಿಲ್ಲ. ಕನ್ನಡದ ಅಂಥ ಹಾಳೆಯನ್ನು ನಾನಂತೂ ಕಂಡಿಲ್ಲ.

ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನ ಕಾದರೂ ಉತ್ತರ ಬಾರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಕೊಡಬಹುದು. ಎರಡು ವರ್ಷದೊಳಗೆ ಬಾಗಲಕೋಟೆಯ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ಅಲ್ಲಿ ‘ಇದು ವಾಣಿಜ್ಯ ಸಾಲ, ಈತ ಗ್ರಾಹಕನೇ ಅಲ್ಲ’ ಎಂದು ಬ್ಯಾಂಕಿನವರು ವಾದಿಸುವುದುಂಟು. ಆದರೆ ಸ್ವಂತ ದುಡಿಮೆಯ ಜೀವನೋಪಾಯವನ್ನು ಕಾನೂನು ವಾಣಿಜ್ಯವೆಂದು ಎಣಿಸುವುದಿಲ್ಲ. ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂರುವವನು ಯಾವ ವಾಣಿಜ್ಯೋದ್ಯಮಿ?

ಜಿಲ್ಲೆಯ ಬ್ಯಾಂಕುಗಳ ಕೆಲಸವನ್ನು ಹೊಂದಿಸುವ ಲೀಡ್ ಬ್ಯಾಂಕಿನ ಅಧಿಕಾರಿಗಳು ಜಿಲ್ಲೆಯ ಶಾಖೆಗಳಲ್ಲಿ ಆ ಕನ್ನಡ ಹಾಳೆ ಇದೆಯೇ ಎಂದು ಒಮ್ಮೆ ಕಪಾಟು ತೆರೆಸಿ ನೋಡಲಿ.

– ಒಬ್ಬ ನೇಕಾರ, ಇಳಕಲ್